ಮೊದಲ ನೀರಿನ ಹಕ್ಕುದಾರರು

ನಮ್ಮ ಮನೆಯ ಗಂಡಸರು ಜೀವಮಾನವೆಲ್ಲ ಬೆಳ್ಳಗೆ ಉಟ್ಟರು. ಅದಕ್ಕೆ ತೆತ್ತದ್ದು ನಮ್ಮವ್ವನ ಹತ್ತು ಬೆರಳು. ಮಾತಿನ ಚಂದಕ್ಕೆಂದು ಇದನ್ನು ಹೇಳುತ್ತಿಲ್ಲ. ಬೆರಳ ತುದಿಯ ಚರ್ಮ, ಚರ್ಮದ ಮೇಲಿನ ಗೆರೆ, ಸೂಜಿಗೆ ದಾರ ಪೋಣಿಸುವ ನಯ, ಬಿಸಿ ಮುದ್ದೆಯನ್ನು ಮುರಿದು ಸಾರಿಗೆ ಅದ್ದುವ ಶಕ್ತಿ, ಇವಿಷ್ಟನ್ನೂ ಆಕೆ ಹೊಳೆನರಸೀಪುರದ ನಮ್ಮ ಮನೆಯ ಹಿತ್ತಲಿನಲ್ಲಿ, ಬಾವಿಯ ಪಕ್ಕದ ಕಲ್ಲಿನ ಬಾನಿಯೊಳಗೆ ಕಳೆದುಕೊಂಡಳು. ನಾನು ಹಾಸನದಲ್ಲಿ ಹಲವು ವರ್ಷ ಹೆಣ್ಣುಮಕ್ಕಳ ಸಂಘಟನೆಯ ಕೆಲಸ ಮಾಡಿದವಳು. ಕೂಲಿಯ ಬಗ್ಗೆ, ಕುಡಿತದ ಬಗ್ಗೆ, ವರದಕ್ಷಿಣೆಯ ಬಗ್ಗೆ ವೇದಿಕೆಯ ಮೇಲೆ ನಿಂತು ಗಂಟಲು ಹರಿದುಕೊಂಡಿದ್ದೇನೆ. ಆ ಬಾನಿಯ ಬಗ್ಗೆ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಬಟ್ಟೆ ಒಗೆಯುವುದು ಭಾಷಣಕ್ಕೆ ತಕ್ಕ ವಿಷಯವಲ್ಲ ಎಂದು ನನಗೂ ಅನ್ನಿಸಿತ್ತು. ಹಾಗೆ ಅನ್ನಿಸುವಂತೆ ನನ್ನನ್ನು ಬೆಳೆಸಿದ ಮನೆಯೊಳಗೆ ಈ ಅಧ್ಯಾಯದಲ್ಲಿ ಮತ್ತೆ ಕಾಲಿಡುತ್ತಿದ್ದೇನೆ.

ಮನೆ ಪೇಟೆಬೀದಿಯಲ್ಲಿತ್ತು. ಮುಂದೆ ಅಪ್ಪನ ದಿನಸಿ ಅಂಗಡಿ, ಅದರ ಹಿಂದೆ ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಲು. ಅಂಗಡಿಯಲ್ಲಿ ಕೂರುವವರು ಬಿಳಿ ಪಂಚೆ, ಬಿಳಿ ಜುಬ್ಬ ತೊಟ್ಟು, ಹಣೆಯ ಮೇಲೆ ಮೂರು ಗೆರೆ ವಿಭೂತಿ ಇಟ್ಟುಕೊಂಡೇ ಕೂರಬೇಕು ಎಂಬುದು ತಾತನ ಕಾಲದ ಕಟ್ಟಳೆ. ಬೆಳ್ಳಗಿರುವ ಬಟ್ಟೆಯನ್ನು ನೋಡಿಯೇ ಗಿರಾಕಿ ತಕ್ಕಡಿಯನ್ನು ನಂಬುತ್ತಾನೆ ಎಂದು ಅಪ್ಪ ಹೇಳುತ್ತಿದ್ದರು. ಬೆಲ್ಲ, ಎಣ್ಣೆ, ಮೆಣಸಿನಕಾಯಿ ಮೂಟೆಗಳ ನಡುವೆ ದಿನವಿಡೀ ಕುಳಿತು ಎದ್ದ ಆ ಬಿಳುಪು ವಾರಕ್ಕೊಮ್ಮೆ ಹೇಗೆ ಮರಳಿ ಬರುತ್ತದೆಂದು ಅಂಗಡಿಯ ಕಡೆಯಿಂದ ಯಾರೂ ಕೇಳುತ್ತಿರಲಿಲ್ಲ. ಸೋಮವಾರ ಶಿವನ ವಾರ. ಪೂಜೆಗೆ ಕೂರುವಾಗ ಒಗೆದ ಪಂಚೆಯೇ ಆಗಬೇಕು. ಆದ್ದರಿಂದ ಭಾನುವಾರ ಒಗೆತ. ಅಂಗಡಿಗೂ ಶಾಲೆಗೂ ರಜೆಯಿದ್ದ ದಿನ ಅವ್ವನಿಗೆ ಮಾತ್ರ ಬೆಳಗಿನ ಜಾವದಿಂದ ಸಂಜೆಯವರೆಗೆ ಬಾನಿ. ನಾಲ್ಕು ಹೆಜ್ಜೆ ದೂರದಲ್ಲಿ ಗಂಡಸರು ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತ, ರಾಟೆಯ ಸದ್ದು ಜಾಸ್ತಿಯಾಯಿತೆಂದು ದೂರುತ್ತಿದ್ದರು.

ಬೇರೆ ಮನೆಗಳಲ್ಲಿ ಬಟ್ಟೆಯನ್ನು ಬಣ್ಣ ನೋಡಿ ಬೇರೆ ಮಾಡುತ್ತಾರೆ, ಕೊಳೆ ನೋಡಿ ಬೇರೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಉಡುವವರನ್ನು ನೋಡಿ ಬೇರೆ ಮಾಡುತ್ತಿದ್ದರು. ಹಂಡೆಯಲ್ಲಿ ಕಾದ ನೀರು ಬಾನಿಗೆ ಬೀಳುತ್ತಿದ್ದದ್ದು ಒಂದೇ ಸಲ. ಆ ಹೊಸ ನೀರಿಗೆ, ಅಂದರೆ ಮೊದಲ ನೀರಿಗೆ, ಅಂಗಡಿಯಲ್ಲಿ ಕೂರುವ ಗಂಡಸರ ಬಟ್ಟೆ. ಅದು ಹೊರಬರುವಷ್ಟರಲ್ಲಿ ನೀರು ಬೂದಿಬಣ್ಣಕ್ಕೆ ತಿರುಗಿರುತ್ತಿತ್ತು. ಆಗ ಅಪ್ಪನ ತಾಯಿ, ನಮ್ಮಜ್ಜಿ, ಒಂದು ಹಿಡಿ ಬಟ್ಟೆಸೋಡಾವನ್ನು ಅದೇ ನೀರಿಗೆ ಎರಚಿ ಅದನ್ನು ಎರಡನೆಯ ನೀರೆಂದು ಕರೆಯುತ್ತಿದ್ದಳು. ಅದಕ್ಕೆ ಶಾಲೆಗೆ ಹೋಗುವ ಮಕ್ಕಳ ಬಟ್ಟೆ. ಮತ್ತೊಂದು ಹಿಡಿ ಸೋಡಾ ಬಿದ್ದರೆ ಮೂರನೆಯ ನೀರು. ಅದಕ್ಕೆ ಹೆಂಗಸರ ಸೀರೆ, ರವಿಕೆ, ಲಂಗ. ಹೆಂಗಸರ ಬಟ್ಟೆ ಬಿದ್ದ ನೀರಿಗೆ ಆಮೇಲೆ ಗಂಡಸರ ಬಟ್ಟೆ ತಾಗಿದರೆ ಗಂಡಸರ ಏಳಿಗೆ ಕೆಡುತ್ತದೆ ಎಂಬ ನಂಬಿಕೆ ಇಡೀ ವ್ಯವಸ್ಥೆಯ ಬುಡದಲ್ಲಿತ್ತು. ಕೊನೆಯ ನೀರು ಲೋಳೆಯಂತೆ ಬೆರಳಿಗೆ ಅಂಟಿಕೊಳ್ಳುತ್ತಿತ್ತು. ಅದರೊಳಗೆ ಮನೆಯವರೆಲ್ಲರ ಕೊಳೆಯೂ ಎರಡು ಹಿಡಿ ಸೋಡಾವೂ ಇರುತ್ತಿದ್ದವು, ಮತ್ತು ಮೂರೂ ನೀರಿನಲ್ಲಿ ತಪ್ಪದೆ ಮುಳುಗಿರುತ್ತಿದ್ದದ್ದು ಅವ್ವನ ಎರಡು ಕೈ.

ಒಣಹಾಕುವುದರಲ್ಲಿಯೂ ಇದೇ ನ್ಯಾಯ. ಅಂಗಳದ ನಡುವೆ ಬಿಸಿಲಿನ ಹಗ್ಗ ಗಂಡಸರಿಗೆ. ಹಿಂಬದಿ ಗೋಡೆಯ ನೆರಳಿನ ಹಗ್ಗ ಹೆಂಗಸರಿಗೆ, ಏಕೆಂದರೆ ಒಣಗುತ್ತಿರುವ ಸೀರೆಯ ಕೆಳಗೆ ಗಂಡಸು ನುಸುಳಬಾರದು. ತಿಂಗಳ ಬಟ್ಟೆಗಳಿಗೆ ಆ ನೆರಳೂ ಇರಲಿಲ್ಲ. ಒದ್ದೆ ಸೀರೆಯ ಮಡಿಕೆಯೊಳಗೆ ಅವಿತು, ಮುಗ್ಗಲು ಹಿಡಿದೇ ಅವು ಒಣಗುತ್ತಿದ್ದವು. ಬಿಸಿಲನ್ನೂ ಹೀಗೆ ಪಾಲು ಮಾಡಬಹುದೆಂಬುದನ್ನು ನಾನು ಪ್ರಪಂಚದಲ್ಲಿ ಮೊದಲು ಕಲಿತದ್ದು ಆ ಹಿತ್ತಲಿನಲ್ಲಿ.

ನನಗೆ ಹನ್ನೆರಡು ತುಂಬಿದ ವರ್ಷ ನಮ್ಮ ಮನೆಯಲ್ಲಿ ಎರಡು ವರ್ಗಾವಣೆಗಳಾದವು. ನಾನು ದೊಡ್ಡವಳಾದೆ; ನನ್ನ ಬಟ್ಟೆಯನ್ನು ಎರಡನೆಯ ನೀರಿನಿಂದ ಮೂರನೆಯ ನೀರಿಗೆ ಇಳಿಸಿದರು. ಅದೇ ತಿಂಗಳು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತು ಫಲಿತಾಂಶಕ್ಕೂ ಕಾಯದೆ ನನ್ನ ಒಡಹುಟ್ಟಿದ ಮಹೇಶಣ್ಣ ಅಪ್ಪನ ಜೊತೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ. ಅವನ ಬಟ್ಟೆಯನ್ನು ಎರಡನೆಯ ನೀರಿನಿಂದ ಮೊದಲ ನೀರಿಗೆ ಏರಿಸಿದರು. ಅವನೂ ನಾನೂ ಒಂದೇ ಅಂಗಳದಲ್ಲಿ ಬಿದ್ದು ಎದ್ದು, ಒಂದೇ ಮಣ್ಣನ್ನು ಮೈಗೆ ಮೆತ್ತಿಕೊಂಡು ಬೆಳೆದವರು. ನನ್ನ ಕೊಳೆ ಯಾವ ಗುಣದಿಂದ ಕೀಳಾಯಿತೆಂದು ನಾನು ಅಜ್ಜಿಯನ್ನು ಕೇಳಿದ್ದುಂಟು.

"ಎಣ್ಮಗೂಗೆ ನೀರು ಸಿಕ್ತದಲ್ಲ, ಅದಕ್ ಕೈ ಮುಗಿ," ಎಂದಳು ಅಜ್ಜಿ. "ನಾನ್ ಲಗ್ನಾಗ್ ಬಂದಾಗ ನಮ್ಮತ್ತೆ ನನ್ ಸೀರೇನ ಹೊಳೇಗ್ ತಕ್ಕೊಂಡೋಗು ಅಂತಿದ್ಲು. ಈ ಬಾನಿ ಮುಟ್ಟಂಗೇ ಇರ್ಲಿಲ್ಲ ಕಣೇ."

ಅಜ್ಜಿಯನ್ನು ಈ ಕಥೆಯ ಖಳನಾಯಕಿಯಾಗಿಸುವುದು ಸುಲಭ. ನಾನು ಬಹಳ ವರ್ಷ ಹಾಗೆಯೇ ಮಾಡಿದೆ. ಆದರೆ ಆ ಕಟ್ಟಳೆಯಿಂದ ಬೆಳ್ಳಗಾದದ್ದು ಆಕೆಯ ಬಟ್ಟೆಯಲ್ಲ. ಕಾವಲು ಕಾಯುವ ಕೆಲಸವನ್ನು ಆಕೆಗೆ ವಹಿಸಿ, ಫಲವನ್ನು ಉಟ್ಟುಕೊಂಡು, "ಅದೆಲ್ಲ ಹೆಂಗಸರ ವಿಚಾರ" ಎಂದು ಜಗಲಿಯಿಂದಲೇ ಕೈತೊಳೆದುಕೊಂಡವರು ಅಪ್ಪ. ಅವರು ಒಂದು ಮಾತು ಆಡಿದ್ದರೆ ಇನ್ನೊಂದು ಹಂಡೆ ನೀರು ಕಾಯುತ್ತಿತ್ತು. ಬಾವಿಯಲ್ಲಿ ನೀರಿಗೆ ಬರವಿರಲಿಲ್ಲ, ಅಟ್ಟದಲ್ಲಿ ಸೌದೆಗೂ ಬರವಿರಲಿಲ್ಲ.

ಇಷ್ಟರ ನಡುವೆಯೂ ಅವ್ವನಿಗೆ ತನ್ನದೆಂಬ ಒಂದು ಜಾಗ ಮನೆಯೊಳಗಿತ್ತು. ಆಕೆಯ ತವರು ನುಗ್ಗೇಹಳ್ಳಿ. ಮದುವೆಗೆ ಮುಂಚೆಯೇ ಅಲ್ಲಿ ಹೊಲಿಗೆ ಕಲಿತಿದ್ದಳು. ನಾನು ಚಿಕ್ಕವಳಿದ್ದಾಗ ನಮ್ಮ ಸೋದರಮಾವ ಬಸ್ಸಿನ ಮೇಲೆ ಹೇರಿಸಿಕೊಂಡು ಅವಳ ಹೊಲಿಗೆಯಂತ್ರವನ್ನೂ ಅದರ ಜೊತೆಗೊಂದು ಮರದ ಕುರ್ಚಿಯನ್ನೂ ತಂದುಕೊಟ್ಟ. ನಡುಮನೆಯ ಕಿಟಕಿಯ ಬಳಿ ಅದನ್ನಿಟ್ಟರು. ನಮ್ಮ ಮನೆಯ ಹೆಂಗಸರು ಎಲ್ಲಿ ಕೂತರೂ ನೆಲದ ಮೇಲೆಯೇ ಕೂರುತ್ತಿದ್ದರು. ಅವ್ವ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿದ್ದು ಹೊಲಿಗೆಯ ವೇಳೆಯಲ್ಲಿ ಮಾತ್ರ. ಮಧ್ಯಾಹ್ನ ಗಂಡಸರ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಆಕೆ ಅಲ್ಲಿ ಕೂತು ಬೀದಿಯ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ಅಳತೆ ಕೊಡಲು ಬಂದವರು "ರುದ್ರಮ್ಮ" ಎಂದು ಹೆಸರು ಹಿಡಿದು ಕರೆಯುತ್ತಿದ್ದರು. ಉಳಿದ ಹೊತ್ತಿನಲ್ಲಿ ಆ ಮನೆಯಲ್ಲಿ ಅವಳಿಗೆ ಹೆಸರಿರಲಿಲ್ಲ. ಅಪ್ಪನಿಗೆ ಅವಳು "ಇವಳೇ", ಅಜ್ಜಿಗೆ "ಲೇ".

ಅವ್ವನ ಗಿರಾಕಿಗಳಲ್ಲಿ ಒಬ್ಬರು ನಮ್ಮ ಶಾಲೆಯ ಸರೋಜಮ್ಮ ಟೀಚರು. ಅವರು ನಮಗೆ ಗೃಹವಿಜ್ಞಾನ ಹೇಳಿಕೊಡುತ್ತಿದ್ದರು. ನಮಗೆ ಎಂದರೆ ಹುಡುಗಿಯರಿಗೆ. ಆ ಪೀರಿಯಡ್ಡಿನಲ್ಲಿ ಹುಡುಗರನ್ನು ಮೈದಾನಕ್ಕೆ ಬಿಡುತ್ತಿದ್ದರು. ಅವರು ಧೂಳಿನಲ್ಲಿ ಹೊರಳಾಡಿ ಅಂಗಿ ಕೊಳೆ ಮಾಡಿಕೊಳ್ಳುವ ನಲವತ್ತು ನಿಮಿಷಗಳಲ್ಲಿ, ಕಿಟಕಿಯ ಈಚೆಗೆ ಕೂತ ನಾವು ಆ ಕೊಳೆಯನ್ನು ತೆಗೆಯುವ ವಿಧಾನವನ್ನು ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆವು. ಸರ್ಕಾರದ ಪಠ್ಯವೇ ಹೀಗೆ ಕೊಳೆ ಮಾಡುವವರನ್ನೂ ಕೊಳೆ ತೆಗೆಯುವವರನ್ನೂ ವಿಂಗಡಿಸಿತ್ತೆಂಬುದು ಯಾರ ಕಣ್ಣಿಗೂ ಬೀಳಲಿಲ್ಲ. ಆದರೂ ಪಾಠ ಸರಿಯಾಗಿತ್ತು. ಬಿಳಿಯದನ್ನೂ ಬಣ್ಣದ್ದನ್ನೂ ಬೇರೆ ಮಾಡಬೇಕು. ಹೊಸ ಬಟ್ಟೆಯ ಅಂಚನ್ನು ನೆನೆಸಿ ಬಿಳಿ ಚಿಂದಿಗೆ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ನೋಡಬೇಕು. ಬಿಡುವುದಾದರೆ ಮೊದಲ ಕೆಲವು ಸಲ ಒಂಟಿಯಾಗಿ, ತಣ್ಣೀರಿನಲ್ಲಿ ಒಗೆಯಬೇಕು. ನಾನು ಅದನ್ನು ದುಂಡಗಿನ ಅಕ್ಷರಗಳಲ್ಲಿ ಬರೆದುಕೊಂಡು, ಮನೆಯಲ್ಲಿ ಗಟ್ಟಿಯಾಗಿ ಬಾಯಿಪಾಠ ಮಾಡಿದೆ. ಅಡುಗೆಮನೆಯಲ್ಲಿದ್ದ ಅವ್ವ ಅದನ್ನು ಕೇಳಿಸಿಕೊಂಡಿದ್ದಳು.

ಮಹೇಶಣ್ಣ ಅಂಗಡಿಯಲ್ಲಿ ಕೂತ ಸಂತೋಷಕ್ಕೆ ಅಪ್ಪ ಅವನಿಗೊಂದು ಕೆಂಪು ಅಂಗಿ ಹೊಲಿಸಿಕೊಟ್ಟಿದ್ದರು. ಅಂಗಡಿಗೆ ಬಿಳಿಯದು, ಊರು ಸುತ್ತಲು ಕೆಂಪನೆಯದು. ಮೊದಲ ಭಾನುವಾರ ಆ ಅಂಗಿಯೂ ಬಾನಿಯ ಬಳಿ ಬಂದಿತು. ಬಾನಿಯಲ್ಲಿ ಆಗಲೇ ಅಪ್ಪನ ಏಳು ಪಂಚೆ, ಜುಬ್ಬಗಳು ನೆನೆಯುತ್ತಿದ್ದವು. ಅವ್ವ ಅಂಗಿಯ ಚುಂಗನ್ನು ಒದ್ದೆ ಮಾಡಿ ಅಂಗೈಗೆ ಉಜ್ಜಿದಳು. ಅಂಗೈ ಕೆಂಪಾಯಿತು.

"ಅತ್ತೆ, ಇದು ಬಣ್ಣ ಬುಡ್ತದೆ. ಇದೊಂದ್ನ ಬಕೀಟ್ಗೆ ಬ್ಯಾರೆ ಆಕ್ತೀನಿ."

"ಬ್ಯಾರೆ ಅಂದ್ರೆ? ನಿನ್ ಸೀರೆ ಜತ್ಗಾ?"

"ಒಂದ್ ಅಂಗಿ ಯಾವ್ ನೀರ್ಗ್ ಬಿದ್ರೇನತ್ತೆ..."

"ಏನಾ? ನನ್ ಮೊಮ್ಮಗ ಗಲ್ಲಾ ಮುಂದ್ ಕುಂತಿರೋದು ಇದೇ ಮೊದಲ್ನೆ ವಾರ. ಅವನ್ ಅಂಗೀನ ಎಂಗಸ್ರ ನೀರ್ಗ್ ಆಕಿ ಅವನ್ ಏಳ್ಗೆ ಕೆಡುಸ್ಬೇಕು ಅಂತ ಕುಂತಿದ್ದೀಯಾ? ಆಕೇ ಬಾನಿಗೆ."

ಅವ್ವ ನನ್ನ ಕಡೆಗೆ ತಿರುಗಿದಳು. ನಾನು ಬಾವಿಕಟ್ಟೆಯ ಮೇಲೆ ಕೂತು ರಾಟೆಯ ಹಗ್ಗವನ್ನು ಸುತ್ತುತ್ತಿದ್ದೆ.

"ಗಿರ್ಜಿ, ಮೊನ್ನೆ ಓದ್ಕೊತಿದ್ದಲ್ಲವ್ವ, ಒಸ ಬಟ್ಟೆ ಬಣ್ಣದ್ದು. ಟೀಚರ್ ಏಳ್ಕೊಟ್ಟಿದ್ದು. ನಿಮ್ಮಜ್ಜಿಗ್ ಒಸಿ ಓದ್ ಏಳು."

ಅಜ್ಜಿ ಸೋಡಾದ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ನನ್ನನ್ನು ನೋಡಿದಳು. ನನಗೆ ಆ ಪಾಠದ ಒಂದು ಅಕ್ಷರವೂ ಮರೆತಿರಲಿಲ್ಲ.

"ಜ್ಞಾಪ್ಕ ಇಲ್ಲ ಕಣವ್ವ," ಎಂದೆ.

"ನೋಡ್ದಾ? ಇಸ್ಕೂಲ್ಗೋಗೋ ಮಗೀಗೇ ಗೊತ್ತಿಲ್ಲ, ನೀನ್ ಬಂದ್ಬುಟ್ಟೆ ನಂಗ್ ಪಾಟ ಏಳಕೆ," ಎಂದು ಅಜ್ಜಿ ತಾನೇ ಅಂಗಿಯನ್ನು ಕಿತ್ತುಕೊಂಡು ಬಾನಿಗೆ ಎಸೆದಳು.

ಎಲ್ಲರ ತಪ್ಪನ್ನೂ ಹೆಸರಿಸಲು ಹೊರಟವಳು ನನ್ನದನ್ನು ಬಿಟ್ಟುಬಿಟ್ಟರೆ ಈ ಬರಹಕ್ಕೆ ಬೆಲೆಯಿಲ್ಲ. ಅಕ್ಷರ ಗೊತ್ತಿದ್ದವಳು ನಾನು. ಅಕ್ಷರದ ಬಲ ಬೇಕೆಂದು ಅವ್ವ ನನ್ನನ್ನು ಕೇಳಿದ್ದು ಬದುಕಿನಲ್ಲಿ ಅದೇ ಮೊದಲು. ಒಂದು ಬೈಗುಳಕ್ಕೆ ಹೆದರಿ ನಾನು ಅದನ್ನು ಕೊಡಲಿಲ್ಲ. ಆಮೇಲೆ ಜೀವನದಲ್ಲಿ ಎಷ್ಟು ಸಭೆಗಳಲ್ಲಿ ಎಷ್ಟು ಗಟ್ಟಿಯಾಗಿ ಮಾತಾಡಿದ್ದರೂ, ಆ ಬಾವಿಕಟ್ಟೆಯ ಮೇಲೆ ನುಂಗಿದ ನಾಲ್ಕು ವಾಕ್ಯಗಳ ಬದಲಿಗೆ ಮಾತಾಡಿದ್ದೇನೆ ಎಂದೇ ನನ್ನ ಲೆಕ್ಕ.

ಸ್ವಲ್ಪ ಹೊತ್ತಿನಲ್ಲಿ ಬಿಸಿನೀರು ತನ್ನ ಕೆಲಸ ಮಾಡಿತು. ಅವ್ವ ಮೊದಲ ಪಂಚೆಯನ್ನು ಎತ್ತಿದಾಗ ಅದು ತೆಳು ಗುಲಾಬಿ. ಆರನೆಯದನ್ನು ಎತ್ತುವಾಗ ಕನಕಾಂಬರ. ಏಳನೆಯದರ ಮೇಲೆ ಅಂಗಿಯ ತೋಳು ಅಂಟಿಕೊಂಡಿದ್ದ ಕಡೆ ಕುಂಕುಮ ಚೆಲ್ಲಿದಂಥ ಪಟ್ಟೆ. ಅಜ್ಜಿ ಒಳಗೆ ಹೋದಳು. ಅಪ್ಪ ಹಿತ್ತಲಿಗೆ ಬಂದದ್ದನ್ನು ನಾನು ನೋಡಿದ ಕೆಲವೇ ಸಂದರ್ಭಗಳಲ್ಲಿ ಅದೊಂದು. ಅವರ ಹಿಂದೆ ಮಹೇಶಣ್ಣ.

"ಅಪ್ಪೋ," ಎಂದು ಮಹೇಶಣ್ಣ ನಗುವನ್ನು ತಡೆಯಲಾರದೆ ಹೇಳಿದ, "ಶುಕ್ರವಾರ ಈ ಪಂಚೆ ಉಟ್ಕೊಂಡ್ ಅರಕಲಗೂಡ್ಗ್ ಓದ್ರೆ, ಮದ್ವೆ ಗಂಡು ನೀನೇಯಾ ಅಂತ ಕುಂಡ್ರುಸ್ಬುಡ್ತಾರೆ ಕಣಪ್ಪ."

ಅವ್ವನಿಗೂ ನಗು ಬಂತು. ಬಾನಿಯ ಅಂಚಿಗೆ ಮೊಣಕೈ ಊರಿ ನಕ್ಕಳು. ಅಪ್ಪ ನಗಲಿಲ್ಲ. ಅರಕಲಗೂಡಿನ ನೆಂಟರ ಮನೆಯಲ್ಲಿ ಶುಕ್ರವಾರ ನಿಶ್ಚಿತಾರ್ಥವಿತ್ತು. ಹಿರಿಯರೆಂದು ತಾಂಬೂಲಕ್ಕೆ ಕೂರಬೇಕಾದವರು ಅವರೇ.

"ನಗಾಡ್ತೀಯಾ? ಕೆಡುಸ್ದೋಳೇ ಸರಿ ಮಾಡು. ಗುರ್ವಾರ ಸಾಯಂಕಾಲಕ್ಕೆ ಬೆಳ್ಳಗಿರ್ಬೇಕು."

"ನಾನ್ ಬ್ಯಾರೆ ಆಕ್ತೀನಿ ಅಂದೆ..." ಎಂದು ಅವ್ವ ಶುರು ಮಾಡಿದಳು.

"ಅಂದ್ರೆ? ನಮ್ಮವ್ವ ಕೆಡುಸುದ್ಲು ಅಂತೀಯಾ?"

ಅವ್ವ ಪಂಚೆಯನ್ನು ಮತ್ತೆ ನೀರಿಗೆ ಅದ್ದಿದಳು. ಮಹೇಶಣ್ಣನ ನಗು ಅಲ್ಲಿಗೆ ನಿಂತಿತು. ಆದರೆ "ಅಂಗಿ ನನ್ನದು" ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ನಮ್ಮ ಮನೆಯಿಂದ ಹತ್ತು ಅಂಗಡಿ ಆಚೆಗೆ ಪಂಚೆಗಳನ್ನು ಮಾರುವ ಜವಳಿ ಅಂಗಡಿಯಿತ್ತು. ಅಪ್ಪ ಎದ್ದು ಹೋಗಿ ಹೊಸ ಪಂಚೆಯೊಂದನ್ನು ತರಬಹುದಾಗಿತ್ತು. ಅದು ಅವರಿಗೆ ಭಾರವೂ ಆಗುತ್ತಿರಲಿಲ್ಲ. ಆದರೆ ಹಾಗೆ ಮಾಡಿದರೆ ತಪ್ಪು ಯಾರದೆಂಬ ಪ್ರಶ್ನೆ ಹಾಗೇ ಉಳಿಯುತ್ತಿತ್ತು. ಶಿಕ್ಷೆ ಒಬ್ಬಳ ಮೇಲೆ ಬಿದ್ದುಬಿಟ್ಟರೆ ಪ್ರಶ್ನೆ ತೀರಿಹೋಗುತ್ತದೆ. ಅಧಿಕಾರ ಇರುವವರೆಲ್ಲ, ಅಂಗಡಿಯಲ್ಲಾಗಲಿ ಕಛೇರಿಯಲ್ಲಾಗಲಿ, ಹೀಗೆಯೇ ಲೆಕ್ಕ ಚುಕ್ತಾ ಮಾಡುವುದನ್ನು ನಾನು ಆಮೇಲೆ ನೋಡಿದ್ದೇನೆ.

ಅಪ್ಪ ಅಂಗಡಿಯಿಂದ ಚೌಕದ ಪೊಟ್ಟಣದಲ್ಲಿ ಬ್ಲೀಚಿಂಗ್ ಪುಡಿ ಕಳಿಸಿದರು. ಎಷ್ಟು ಹಾಕಬೇಕೆಂದು ಯಾರೂ ಹೇಳಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ, ಅಡುಗೆಯ ಹೊತ್ತೊಂದನ್ನು ಬಿಟ್ಟು ಅವ್ವ ಬಾನಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಆ ಏಳು ಪಂಚೆಗಳನ್ನು ಬಿಸಿನೀರಿನಲ್ಲಿ ಅದ್ದಿ, ತಿಕ್ಕಿ, ಜಾಲಿಸಿ, ಮತ್ತೆ ಅದ್ದಿದಳು. ಹಿತ್ತಲಿಗೆ ಕಾಲಿಟ್ಟರೆ ಕಣ್ಣು ಉರಿಯುತ್ತಿತ್ತು. ಮೊದಲ ದಿನ ಅವಳ ಬೆರಳುಗಳು ನೆನೆದ ಕಡಲೆಯಂತೆ ಸುಕ್ಕಾದವು. ಎರಡನೆಯ ದಿನ ಉಗುರಿನ ಬುಡ ಬಿಟ್ಟುಕೊಂಡಿತು. ಮೂರನೆಯ ದಿನ ಬೆರಳಿನ ತುದಿಗಳು ಸೀಳಿ, ಸೀಳಿನೊಳಗೆ ಕೆಂಪು ಕಾಣಿಸಿತು. ಆ ರಾತ್ರಿಯ ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಅವ್ವ ಮುದ್ದೆಗೆ ಕೈ ಹಾಕಿ ಹಾಗೆಯೇ ಹಿಂದಕ್ಕೆ ಎಳೆದುಕೊಂಡಳು. ನಾನು ಅವಳ ತಟ್ಟೆಯ ಪಕ್ಕ ಕೂತು ಚಿಕ್ಕ ಚಿಕ್ಕ ತುತ್ತು ಮಾಡಿ ಬಾಯಿಗಿಟ್ಟೆ.

"ಇದೇನ್ ಬಾಣಂತೀಗ್ ತಿನ್ಸಿದಂಗೆ," ಎಂದು ಅಜ್ಜಿ ಒಲೆಯ ಕಡೆಯಿಂದ ಗೊಣಗಿದಳು. ಆಮೇಲೆ ಎದ್ದು ಬಂದು, ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿದ ಬಟ್ಟಲನ್ನು ಅವ್ವನ ಮುಂದೆ ಕುಕ್ಕಿ, ತನ್ನ ಎರಡೂ ಅಂಗೈಯನ್ನು ದೀಪದ ಕೆಳಗೆ ಚಾಚಿದಳು. "ನೋಡಿಲ್ಲಿ. ನನ್ ಕೈಲಿ ಗೆರೇನೇ ಇಲ್ಲ. ಜೋಯಿಸ್ರು ಬಂದ್ರೆ ಏನ್ ಓದಾರು ಇದ್ನ, ಗೋಡೆ ನೋಡ್ದಂಗ್ ನೋಡ್ಬೇಕು ಅಷ್ಟೆಯಾ. ಸತ್ತೋಗಿದ್ದೀನಾ ನಾನು?"

ಗುರುವಾರ ಬೆಳಿಗ್ಗೆ ಪಂಚೆಗಳು ಬೆಳ್ಳಗಾಗಿದ್ದವು. ಅಪ್ಪ ಅವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಹೂಂ" ಎಂದರು. ಅದಷ್ಟೇ ಅವರ ತೀರ್ಪು. ಅದೇ ಮಧ್ಯಾಹ್ನ ಅವ್ವ ಹೊಲಿಗೆಗೆ ಕೂತಳು. ಸರೋಜಮ್ಮ ಟೀಚರ ಮಗಳ ಮದುವೆಗೆ ಆರು ರೇಷ್ಮೆ ರವಿಕೆಗಳು ಶನಿವಾರಕ್ಕೆ ಆಗಬೇಕಿದ್ದವು. ಅದುವರೆಗೆ ಅವ್ವನ ಕೈಗೆ ಬಂದಿದ್ದ ಕೆಲಸಗಳಲ್ಲಿ ಅದೇ ದೊಡ್ಡದು. ಅದು ಚೆನ್ನಾಗಿ ಬಂದರೆ ಟೀಚರು ತಮ್ಮ ಚನ್ನರಾಯಪಟ್ಟಣದ ಬೀಗರ ಕಡೆಯ ಹೊಲಿಗೆಯನ್ನೂ ಕೊಡಿಸುವುದಾಗಿ ಹೇಳಿದ್ದರು. ರೇಷ್ಮೆಯನ್ನು ಮುಟ್ಟಿದ ಕೂಡಲೇ ಅವ್ವನ ಒರಟು ಬೆರಳಿಗೆ ಎಳೆ ಸಿಕ್ಕಿಕೊಂಡು ಬಟ್ಟೆ ಸೊಟ್ಟಗೆ ಎದ್ದಿತು. ಬೆರಳಿಗೆ ಚಿಂದಿ ಸುತ್ತಿಕೊಂಡಳು. ಚಿಂದಿ ಸುತ್ತಿದ ಬೆರಳು ಸೂಜಿಯನ್ನು ಹಿಡಿಯಲಿಲ್ಲ. ಬಿಚ್ಚಿದಳು. ಶುಕ್ರವಾರ ಅಪ್ಪ ಬೆಳ್ಳಗೆ ಉಟ್ಟು ಅರಕಲಗೂಡಿನ ಬಸ್ಸು ಹತ್ತಿದ ಹೊತ್ತಿಗೆ ನಡುಮನೆಯಲ್ಲಿ ಸಾಸಿವೆ ಬಣ್ಣದ ರವಿಕೆಯ ಎದೆಯ ಭಾಗದ ಮೇಲೆ ರಕ್ತದ ಎರಡು ಚುಕ್ಕೆ ಬಿದ್ದಿದ್ದವು.

ಶನಿವಾರ ಬಂದ ಸರೋಜಮ್ಮ ಟೀಚರು ರವಿಕೆಯನ್ನು ಬಿಡಿಸಿ ಚುಕ್ಕೆಗಳ ಮೇಲೆ ಬೆರಳಾಡಿಸಿದರು.

"ರುದ್ರಮ್ಮ, ಇದೇನ್ರೀ ಇದು? ಧಾರೆಗೆ ಉಡೋ ಸೀರೆಯ ರವಿಕೆ."

"ಪಂಚೆಗೆ ಒಸ ಅಂಗಿ ಬಣ್ಣ ಅತ್ಕಂಡಿತ್ತು, ಉಜ್ಜಿ ಉಜ್ಜಿ ಕೈ ಒಡ್ದೋಗದೆ ಟೀಚರ್. ಒಂದ್ ವಾರ ಬುಟ್ಬುಟ್ರೆ..."

"ಒಂದು ವಾರ ಎಲ್ಲಿದೆ? ಲಗ್ನ ಮಂಗಳವಾರ." ಅವರು ಅವ್ವನ ಕೈ ಹಿಡಿದು ತಿರುಗಿಸಿ ನೋಡಿದರು. "ಏನು ಹಾಕಿ ಒಗೆದಿರಿ? ಹೊಸ ಬಟ್ಟೆ ಬಣ್ಣ ಬಿಡುತ್ತೆ ಅಂತ ನಿಮ್ಮ ಗಿರಿಜಾಗೆ ಪಾಠ ಮಾಡಿದ್ದೀನಲ್ಲ. ಹೇಳಲಿಲ್ವಾ ಅವಳು?"

ಅವ್ವ ನನ್ನ ಕಡೆ ನೋಡಲಿಲ್ಲ. "ಮಗು, ಪಾಪ, ಮರ್ತೋಗಿತ್ತು," ಎಂದಳು.

ಟೀಚರು ಆರು ರವಿಕೆಗಳನ್ನೂ ಚೀಲಕ್ಕೆ ತುಂಬಿಕೊಂಡು ಹಾಸನದ ದರ್ಜಿಯ ಬಳಿಗೆ ಹೋದರು. ಅವರನ್ನೂ ನಾನು ಬಿಡಲಾರೆ. ನಾಲ್ಕು ಗೋಡೆಗಳ ನಡುವೆ ನಲವತ್ತು ಹುಡುಗಿಯರಿಗೆ ವಿಧಾನವನ್ನು ಕಲಿಸಿದವರು, ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯವನ್ನು ಕಲಿಸಲಿಲ್ಲ. ಆ ಮನೆಗಳ ಗಂಡುಮಕ್ಕಳು ಮೈದಾನದಲ್ಲಿದ್ದರೆಂಬುದನ್ನು ತಕರಾರಾಗಿ ಎತ್ತಲೂ ಇಲ್ಲ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ನಾನು ಪೂರ್ಣ ಉತ್ತರ ಬರೆದು ಪೂರ್ಣ ಅಂಕ ಪಡೆದೆ. ಆ ಉತ್ತರಪತ್ರಿಕೆಯನ್ನು ಅವ್ವನಿಗೆ ತೋರಿಸದೆ ಹರಿದು ಒಲೆಗೆ ಹಾಕಿದೆ.

ಬೀದಿಯಲ್ಲಿ ಸುದ್ದಿ ಹರಡಲು ಬಹಳ ದಿನ ಬೇಕಾಗಲಿಲ್ಲ. ರುದ್ರಮ್ಮನ ಕೈ ಸರಿಯಿಲ್ಲ, ಬಟ್ಟೆಗೆ ರಕ್ತ ಮಾಡುತ್ತಾಳೆ ಎಂದರು. ಮೊದಲು ರೇಷ್ಮೆ ನಿಂತಿತು, ಆಮೇಲೆ ನೂಲಿನದೂ ನಿಂತಿತು. ಕೈ ಮಾಯುವುದಕ್ಕೆ ಎಡೆಯೇ ಸಿಗಲಿಲ್ಲ, ಏಕೆಂದರೆ ಭಾನುವಾರಗಳು ನಿಲ್ಲಲಿಲ್ಲ. ಒಂದು ದಿನ ಶಾಲೆಯಿಂದ ಬಂದಾಗ ಕಿಟಕಿಯ ಬಳಿ ಬರಿಯ ನೆಲವಿತ್ತು. ಅಂಗಡಿಗೆ ಬಟ್ಟೆಯ ಕೈಚೀಲಗಳನ್ನು ಹೊಲಿಸಬೇಕೆಂದು ಅಪ್ಪ ಯಂತ್ರವನ್ನು ಮುಂದಕ್ಕೆ ಸಾಗಿಸಿ, ಹೊಲಿಯಲು ಒಬ್ಬ ದರ್ಜಿಯನ್ನು ಇಟ್ಟುಕೊಂಡಿದ್ದರು. "ಎಂಗೂ ಸುಮ್ನೇ ಕುಂತಿತ್ತಲ್ಲ," ಎಂದದ್ದಷ್ಟೇ ಅವರು ಕೊಟ್ಟ ವಿವರಣೆ. ಅವ್ವನ ತವರಿನಿಂದ ಬಂದ ಯಂತ್ರದ ಮುಂದೆ, ಅವ್ವನ ಕುರ್ಚಿಯ ಮೇಲೆ ಬೇರೊಬ್ಬ ಗಂಡಸು ಕೂತು ನಮ್ಮ ಅಂಗಡಿಯ ಹೆಸರಿನ ಚೀಲಗಳನ್ನು ಹೊಲಿದ. ಅವನ ಅಂಗಿಯನ್ನೂ ಕೆಲವು ಭಾನುವಾರ ಅವ್ವನೇ ಒಗೆದಳು, ಮೊದಲ ನೀರಿನಲ್ಲಿ. ಅವನು ಅಂಗಡಿಯಲ್ಲಿ ಕೂರುವ ಗಂಡಸು ತಾನೆ.

ನನ್ನೊಳಗೆ ಏನೋ ಗಟ್ಟಿಯಾದದ್ದು ಆ ಬರಿಯ ನೆಲವನ್ನು ಕಂಡ ದಿನ. ಅವ್ವ ಅಳಲಿಲ್ಲ, ಜಗಳವಾಡಲಿಲ್ಲ. ಯಂತ್ರದ ನಾಲ್ಕು ಕಾಲುಗಳ ಗುರುತು ಉಳಿದಿದ್ದ ಕಡೆ ಸಾರಿಸಿ ರಂಗೋಲಿ ಹಾಕಿದಳು. ಆ ಸಹನೆಯನ್ನು ಊರು ಹೊಗಳಿತು. ನಾನು ಅದನ್ನು ಇಂದಿಗೂ ಕ್ಷಮಿಸಿಲ್ಲ, ಅವ್ವನಲ್ಲಿ ಅಲ್ಲ, ಅದನ್ನು ಹೊಗಳಿದವರಲ್ಲಿ.

ಅಪ್ಪ, ಅಜ್ಜಿ ಇಬ್ಬರೂ ಈಗಿಲ್ಲ. ಅವ್ವ ಅದೇ ಮನೆಯಲ್ಲಿ ಮಹೇಶಣ್ಣ ಮತ್ತು ಮಂಗಳ ಅತ್ತಿಗೆಯ ಜೊತೆ ಇದ್ದಾಳೆ. ಹೋದ ವರ್ಷ ಯಾವುದೋ ಕಾಗದಕ್ಕೆ ಅವಳ ಬೆರಳಚ್ಚು ಬೇಕೆಂದು ಕೌಂಟರಿಗೆ ಕರೆದುಕೊಂಡು ಹೋಗಿದ್ದೆ. ಹತ್ತು ಬೆರಳನ್ನೂ ಒಂದೊಂದಾಗಿ ಗಾಜಿನ ಮೇಲೆ ಒತ್ತಿದರೂ ಯಂತ್ರ ಒಪ್ಪಲಿಲ್ಲ. "ಅಜ್ಜಿ, ಒಸಿ ಒರುಸ್ಕೊಂಡ್ ಮಡುಗ್ರಿ," ಎಂದು ಅಲ್ಲಿದ್ದ ಯುವಕ ನಯವಾಗಿಯೇ ಹೇಳಿದ. ಸಾಲಿನಲ್ಲಿ ಹಿಂದೆ ನಿಂತಿದ್ದವರೊಬ್ಬರು ಇಣುಕಿ ನೋಡಿ, "ಒರುಸುದ್ರೆ ಏನ್ ಬತ್ತದ್ಲಾ, ಸವ್ದೋಗವೆ ಕಣ್ಲಾ," ಎಂದರು. ಕೊನೆಗೆ ಕಣ್ಣಿನ ಗುರುತು ತೆಗೆದುಕೊಂಡು ಕಳಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು, ಕಳ್ಳತನ ಮಾಡಿದವಳಂತೆ.

ಮನೆಗೆ ವಾಷಿಂಗ್ ಮೆಷಿನ್ ಬಂದು ವರ್ಷಗಳಾದವು. ಬಾನಿ ಒಡೆದು ಅಲ್ಲೊಂದು ತುಳಸಿಕಟ್ಟೆ ಎದ್ದಿದೆ. ಇಷ್ಟಾದ ಮೇಲೆ ಎಲ್ಲ ಮುಗಿಯಿತೆಂದು ನೀವು ಭಾವಿಸಬಹುದು, ನಾನೂ ಭಾವಿಸಿದ್ದೆ. ಮುಗಿದಿಲ್ಲ. ಮೆಷಿನ್ನಿಗೆ ಹಾಕುವುದು ಹೆಂಗಸರ ಬಟ್ಟೆ, ಹೊದಿಕೆ, ಕಾಲೊರಸು. ಮಹೇಶಣ್ಣನ ಬಿಳಿ ಅಂಗಿ, ಬಿಳಿ ಪಂಚೆಗಳು ಅದರಲ್ಲಿ ಬೆಳ್ಳಗಾಗುವುದಿಲ್ಲವಂತೆ. ಅವನ್ನು ಅತ್ತಿಗೆ ಮೊದಲು, ಹೊಸ ನೀರಿನಲ್ಲಿ, ಬಕೆಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಕೈಯಿಂದಲೇ ಉಜ್ಜುತ್ತಾಳೆ. ಅವರ ಮಗ ನಂದೀಶ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಪ್ರತಿ ಶನಿವಾರ ಒಂದು ಚೀಲ ಕೊಳೆಬಟ್ಟೆ ಬಸ್ಸಿನಲ್ಲಿ ಬರುತ್ತದೆ, ಭಾನುವಾರ ಸಂಜೆ ಇಸ್ತ್ರಿಯಾಗಿ ವಾಪಸು ಹೋಗುತ್ತದೆ. ಈಗ ಎರಡು ತಿಂಗಳಿಂದ ಅತ್ತಿಗೆಯ ಬೆರಳುಗಳು ಸೀಳಿವೆ. ಹಾಸನದ ಚರ್ಮದ ಡಾಕ್ಟರ ಬಳಿಗೆ ಕರೆದುಕೊಂಡು ಹೋದವಳು ನಾನೇ. ಆರು ವಾರ ಸೋಪು, ಪುಡಿ, ಬ್ಲೀಚು ಯಾವುದನ್ನೂ ಮುಟ್ಟಕೂಡದು, ಮುಟ್ಟಿದರೆ ಮುಲಾಮಿನಿಂದ ಉಪಯೋಗವಿಲ್ಲ ಎಂದರು ಅವರು. ಚೀಟಿಯನ್ನು ನಾನು ಮಹೇಶಣ್ಣನ ಕೈಗೇ ಕೊಟ್ಟೆ.

"ಗ್ಲೌಸ್ ತಂದ್ಕೊಡ್ತೀನಿ ಬುಡು," ಎಂದ ಮಹೇಶಣ್ಣ, ಚೀಟಿಯನ್ನು ಮಡಚುತ್ತ.

"ಗ್ಲೌಸ್ ನೀನೇ ಹಾಕಿಕೊಂಡು ಒಗೆಯಬಹುದಲ್ಲ."

"ನೋಡು, ಶುರು ಮಾಡುದ್ಲು. ಇದು ನಿಮ್ಮ ಮೀಟಿಂಗ್ ಅಲ್ಲ ಗಿರ್ಜಿ. ಅಂಗ್ಡೀಲ್ ಕುಂತ್ಕಳೋನು ನಾನು, ನಂಗೇನ್ ಬತ್ತದೆ ಒಗಿಯೋದು?"

"ನಂದೀಶ, ನಿನಗೆ?"

"ಅತ್ತೆ, ನಂಗೆ ಮೆಷಿನ್ ಆನ್ ಮಾಡೋಕೇ ಗೊತ್ತಿಲ್ಲ, ಪ್ರಾಮಿಸ್," ಎಂದು ಆ ಶನಿವಾರ ಚೀಲದ ಜೊತೆ ತಾನೂ ಬಂದಿದ್ದ ಹುಡುಗ ನಕ್ಕ. ಅವನು ಓದುತ್ತಿರುವುದು ಮೆಕ್ಯಾನಿಕಲ್.

ಅತ್ತಿಗೆ ಒಳಗಿನಿಂದ, "ಯಾಕ್ ಸುಮ್ನೆ ಗಲಾಟೆ, ನನ್ ಕೈ ಈಗ್ ವಾಸಿ ಕಣ್ರೀ," ಎಂದಳು. ವಾಸಿಯಾಗಿರಲಿಲ್ಲ. ನಾನು ಒಳಗೆ ಹೋಗಿ ನೋಡಿದೆ. ಆಕೆ ಪಾತ್ರೆ ಹಿಡಿದ ಬಟ್ಟೆಯ ಮೇಲೆ ಕಲೆಯಿತ್ತು.

ಇದನ್ನು ಮನೆಯೊಳಗೇ ಹೇಳಿ ಮುಗಿಸಬಹುದಿತ್ತು ಎನ್ನುವವರಿಗೆ: ಹೇಳಿದ್ದೇನೆ, ಮೂರು ಸಲ. ಆದ್ದರಿಂದ ಈಗ ಅಚ್ಚಿನಲ್ಲಿ, ಹೆಸರು ಹಿಡಿದು ಹೇಳುತ್ತಿದ್ದೇನೆ. ಮಹೇಶಣ್ಣ, ನಂದೀಶ, ಈ ಬರುವ ಭಾನುವಾರದಿಂದ ಆ ಮನೆಯ ಒಗೆತ ನಿಮ್ಮಿಬ್ಬರದು. ಅತ್ತಿಗೆಯ ಬಟ್ಟೆ, ಅವ್ವನ ಬಟ್ಟೆ ಸೇರಿ ಎಲ್ಲರದೂ. ಗೊತ್ತಿಲ್ಲದಿದ್ದರೆ ಇಲ್ಲಿಂದ ಕಲಿಯಿರಿ. ಜೇಬುಗಳನ್ನು ತಡವಿ ನೋಡಿ. ಬಿಳಿಯದನ್ನು ಒಂದು ಕಡೆ, ಬಣ್ಣದ್ದನ್ನು ಒಂದು ಕಡೆ ಹಾಕಿ, ಯಾರದೆಂದು ಕೇಳಬೇಡಿ. ಹೊಸದಿದ್ದರೆ ಅಂಚು ನೆನೆಸಿ ಪರೀಕ್ಷಿಸಿ. ಕಾಲರಿಗೆ ಸೋಪು ಹಚ್ಚಿ ಕಾಲು ಗಂಟೆ ಬಿಡಿ, ಆಮೇಲೆ ಬ್ರಷ್ಷಿನಿಂದ ತಿಕ್ಕಿ. ಮೆಷಿನ್ನನ್ನು ಮುಕ್ಕಾಲು ಮಾತ್ರ ತುಂಬಿಸಿ, ಪುಡಿಯನ್ನು ಅಳತೆಯ ಲೋಟದಲ್ಲಿ ಹಾಕಿ. ಬ್ಲೀಚನ್ನು ಮನೆಯಿಂದ ಹೊರಗೆ ಹಾಕಿ. ಒಣಹಾಕುವಾಗ ಎಲ್ಲ ಬಟ್ಟೆಯನ್ನೂ ಬಿಸಿಲಿಗೆ ಹಾಕಿ, ಒಳಉಡುಪನ್ನೂ. ಆರು ವಾರ ಹೀಗೆ ನಡೆಯಲಿ. ಏಳನೆಯ ವಾರ ಬಕೆಟ್ಟನ್ನು ಅತ್ತಿಗೆಯ ಮುಂದೆ ತಳ್ಳಿದರೆ ನಾನು ಬಂದು ಜಗಲಿಯ ಮೇಲೆ ಕೂರುತ್ತೇನೆ, ಅಂಗಡಿಗೆ ಬಂದವರಿಗೆಲ್ಲ ಕಾರಣ ಹೇಳುತ್ತ. ಮತ್ತು ನೀವು ಒಗೆದದ್ದು ಬೆಳ್ಳಗಾಗದಿದ್ದರೆ, ಬೆಳ್ಳಗಾಗದ ಅದನ್ನೇ ಉಟ್ಟು ಅಂಗಡಿಯಲ್ಲಿ ಕುಳಿತುಕೊಳ್ಳಿ. ಯಾರಾದರೂ ಕೇಳಿದರೆ, ನಾನೇ ಒಗೆದುಕೊಂಡದ್ದು ಎಂದು ಹೇಳಿ.